ಉಪ್ಪಿನ ನೆಲದಲ್ಲಿ ಬೇರೂರುವ ಗುಟ್ಟು

ಮಾವಿನ ಮಿಡಿಗೆ ಕಲ್ಲುಪ್ಪು ಬೆರೆಸಿ ಭರಣಿಯಲ್ಲಿಟ್ಟು ಮೂರು-ನಾಲ್ಕು ದಿನ ಬಿಟ್ಟು ಮುಚ್ಚಳ ತೆಗೆದರೆ ಕಾಣುವುದು ಎಲ್ಲರಿಗೂ ಗೊತ್ತು. ಗುಂಡಗೆ ಬಿಗಿಯಾಗಿದ್ದ ಮಿಡಿ ಚಿರುಟಿರುತ್ತದೆ. ಒಂದು ಹನಿ ನೀರು ಹಾಕದಿದ್ದರೂ ಭರಣಿಯಲ್ಲಿ ಉಪ್ಪುನೀರು ನಿಂತಿರುತ್ತದೆ. ಅದು ಮಿಡಿಯೊಳಗಿನ ನೀರೇ. ಹೊರಗಿನ ಉಪ್ಪು ಅದನ್ನು ಎಳೆದುಕೊಂಡಿದೆ.

ಸಿಂಧನೂರು, ಗಂಗಾವತಿ, ರಾಯಬಾಗದ ಕಡೆಯ ಸವಳು ಹೊಲದಲ್ಲಿ ಬಿತ್ತಿದ ಬೀಜಕ್ಕೂ ಆಗುವುದು ಇದೇ. ಮಣ್ಣು ಕೈಗೆ ಹಸಿಯಾಗಿಯೇ ತಾಗುತ್ತದೆ, ಆದರೆ ಸಸಿ ಬಾಯಾರಿ ಬಾಡುತ್ತದೆ. ನೀರು ಕಮ್ಮಿಯಾಗಿರಬೇಕೆಂದು ರೈತ ಮತ್ತೆ ನೀರು ಬಿಡುತ್ತಾನೆ. ಬಸಿದು ಹೋಗಲು ದಾರಿಯಿಲ್ಲದ ಆ ನೀರು ತಳದ ಉಪ್ಪನ್ನು ಕರಗಿಸಿಕೊಂಡು ಮೇಲೇರಿ, ಬಿಸಿಲಿಗೆ ತಾನು ಆರಿ, ಉಪ್ಪನ್ನು ಮಾತ್ರ ಬಿಟ್ಟುಹೋಗುತ್ತದೆ. ಮುಂದಿನ ಬೇಸಿಗೆಗೆ ಹೊಲದ ಮೇಲೆ ಸುಣ್ಣ ಚೆಲ್ಲಿದಂಥ ಬಿಳಿ ಪೊರೆ.

ಇಂಥ ನೆಲದಲ್ಲೂ ನಳನಳಿಸುವ ಗಿಡಗಳಿವೆ. ಅವು ಏನು ಮಾಡುತ್ತವೆ ಎಂಬುದು ತಿಳಿದರೆ ಯಾವ ಹೊಲಕ್ಕೆ, ಯಾವ ಕುಂಡಕ್ಕೆ, ಯಾವ ಹೊತ್ತಿನಲ್ಲಿ ಏನು ಹಾಕಬೇಕೆಂಬುದು ತಾನೇ ಹೊಳೆಯುತ್ತದೆ.

ಮೊದಲು ಉಪ್ಪು ಮಾಡುವ ಕೇಡನ್ನು ಸರಿಯಾಗಿ ತಿಳಿಯಬೇಕು. ಅದು ಎರಡು ಹಂತದ್ದು. ಮೊದಲನೆಯದು ಭರಣಿಯಲ್ಲಿ ಕಂಡ ಎಳೆದಾಟ. ಬೇರಿನೊಳಗಿನ ರಸಕ್ಕಿಂತ ಹೊರಗಿನ ನೀರು ಹೆಚ್ಚು ಉಪ್ಪಾಗಿದ್ದರೆ ಬೇರಿಗೆ ನೀರು ದಕ್ಕುವುದಿಲ್ಲ. ಉಪ್ಪು ತಗುಲಿದ ದಿನದಿಂದಲೇ ಬೆಳವಣಿಗೆ ಕುಂಟುತ್ತದೆ, ಎಲೆಗಳು ಚಿಕ್ಕವಾಗುತ್ತವೆ. ಎರಡನೆಯದು ನಿಧಾನದ ವಿಷ. ಅಡುಗೆ ಉಪ್ಪಿನಲ್ಲಿರುವ ಸೋಡಿಯಂ, ಗಿಡಕ್ಕೆ ಅತ್ಯಗತ್ಯವಾದ ಪೊಟ್ಯಾಸಿಯಂ ಅನ್ನು ಬಹಳ ಹೋಲುತ್ತದೆ. ಪೊಟ್ಯಾಸಿಯಂ ಕೂರಬೇಕಾದ ಜಾಗದಲ್ಲಿ ಸೋಡಿಯಂ ಹೋಗಿ ಕೂತರೆ ಜೀವಕೋಶದ ಕೆಲಸ ನಿಲ್ಲುತ್ತದೆ. ವಾರಗಟ್ಟಲೆ ನೀರಿನ ಜೊತೆ ಎಲೆಗೆ ಬಂದ ಸೋಡಿಯಂ ಅಲ್ಲೇ ಉಳಿದು ಕೂಡುತ್ತಾ ಹೋಗುವುದರಿಂದ, ಮೊದಲು ಸುಡುವುದು ಕೆಳಗಿನ ಹಳೆಯ ಎಲೆಗಳ ತುದಿ ಮತ್ತು ಅಂಚು. ಹೊಲದಲ್ಲಾಗಲಿ ಬಾಲ್ಕನಿಯಲ್ಲಾಗಲಿ, ಹಳೆ ಎಲೆಯ ಅಂಚು ಕಂದಿ ಒಣಗುತ್ತಿದ್ದರೆ ಗೊಬ್ಬರದ ಚೀಲಕ್ಕೆ ಕೈಹಾಕುವ ಮೊದಲು ಉಪ್ಪಿನ ಅನುಮಾನ ಬರಬೇಕು.

ಉಪ್ಪನ್ನು ಎದುರಿಸುವ ಗಿಡದ ವಿದ್ಯೆ ನೋಡಲು ಪ್ರಯೋಗಾಲಯ ಬೇಡ, ಉತ್ತರ ಕನ್ನಡದ ಅಳಿವೆಗಳಿಗೆ ಹೋದರೆ ಸಾಕು. ಹೊನ್ನಾವರದ ಕಾಸರಕೋಡಿನ ಬಳಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ವನದೊಳಗೆ ನಡೆದಾಡಲು ಕಾಲುಸೇತುವೆಯನ್ನೇ ಕಟ್ಟಿದ್ದಾರೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿದ ಪ್ರದೇಶ. ದಿನಕ್ಕೆ ಎರಡು ಸಲ ಉಬ್ಬರ ಬಂದು ಬುಡ ಮುಳುಗಿಸುವ ಈ ಕೆಸರಿನಲ್ಲಿ ಒಂದರ ಪಕ್ಕ ಒಂದು ನಿಂತ ಮರಗಳು ಒಂದೇ ಕಷ್ಟಕ್ಕೆ ಬೇರೆಬೇರೆ ದಾರಿ ಹುಡುಕಿಕೊಂಡಿವೆ.

ಮಳೆಯಿಲ್ಲದ ದಿನ, ಬಿಸಿಲೇರಿದ ಮೇಲೆ, ಉಪ್ಪಟಿ ಮರದ ಒಂದು ಎಲೆ ಕಿತ್ತು ಓರೆಯಾಗಿ ಹಿಡಿದು ನೋಡಬೇಕು. ಎಲೆಯ ಮೇಲ್ಮೈಯಲ್ಲಿ ಸಣ್ಣ ಸಣ್ಣ ಹರಳು ಮಿನುಗುತ್ತವೆ. ಬೆರಳಿಂದ ಸವರಿದರೆ ತರಿತರಿ, ನಾಲಿಗೆಗೆ ತಾಗಿಸಿದರೆ ಅಪ್ಪಟ ಉಪ್ಪು. ಎಲೆಯಲ್ಲಿರುವ ಉಪ್ಪಿನ ಗ್ರಂಥಿಗಳು ಬೆವರಿಳಿಸಿದಂತೆ ಉಪ್ಪುನೀರನ್ನು ಹೊರಗೆ ತಳ್ಳುತ್ತವೆ. ಗಾಳಿ-ಬಿಸಿಲಿಗೆ ನೀರು ಆರಿ ಹರಳು ಉಳಿಯುತ್ತದೆ. ರಾತ್ರಿಯ ಇಬ್ಬನಿಗೋ ಮಳೆಗೋ ಅದು ತೊಳೆದುಹೋಗುತ್ತದೆ. ಹಾಗೆಂದು ಉಪ್ಪಟಿಯ ಬೇರು ಬಂದ ಉಪ್ಪನ್ನೆಲ್ಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಹುಪಾಲನ್ನು ಬೇರೇ ತಡೆಯುತ್ತದೆ, ನುಸುಳಿದ್ದಷ್ಟನ್ನು ಎಲೆ ಹೊರಹಾಕುತ್ತದೆ.

ಪಕ್ಕದಲ್ಲೇ ಕಮಾನಿನಂತೆ ಬೇರಿಳಿಸಿ ನಿಂತ ಕಾಂಡ್ಲಾ ಮರದ ಎಲೆಯ ಮೇಲೆ ಹರಳಿಲ್ಲ. ಅದರ ಕಾವಲೆಲ್ಲ ಬಾಗಿಲಲ್ಲೇ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲನ್ನು ಬೇರಿನ ಒಳಪದರಗಳು ಹೊರಗೇ ಉಳಿಸುತ್ತವೆ. ಮೇಣದಂಥ ವಸ್ತು ಮೆತ್ತಿಕೊಂಡ ಜೀವಕೋಶಗಳ ಗೋಡೆ ಅಲ್ಲಿ ಜರಡಿಯ ಕೆಲಸ ಮಾಡುತ್ತದೆ. ಆದರೆ ಜರಡಿಯ ಮೂಲಕ ನೀರೆಳೆಯಲು ಬಲ ಬೇಕು. ಸಮುದ್ರದ ನೀರಿನಿಂದ ಸಿಹಿನೀರು ಬೇರ್ಪಡಿಸಲು ವಾತಾವರಣದ ಒತ್ತಡದ ಸುಮಾರು 25 ಪಟ್ಟು ಸೆಳೆತ ಬೇಕಾಗುತ್ತದೆ. ಪರ್ ಶೋಲಾಂಡರ್ ಎಂಬ ವಿಜ್ಞಾನಿ 1965ರಲ್ಲಿ ಕಾಂಡ್ಲಾ ಜಾತಿಯ ಮರಗಳ ರಸನಾಳದಲ್ಲಿನ ಸೆಳೆತವನ್ನು ಅಳೆದಾಗ ಅದು 35ರಿಂದ 60 ಪಟ್ಟಿನವರೆಗೆ ಇತ್ತು. ಮನೆಯ ಆರ್‌ಓ ಯಂತ್ರಕ್ಕೆ ಕರೆಂಟು ಮತ್ತು ಪಂಪು ಬೇಕು. ಈ ಮರಕ್ಕೆ ಎಲೆಯಿಂದ ಆರುವ ನೀರಿನ ಸೆಳೆತವೇ ಸಾಕು.

ಕಾಂಡ್ಲಾದ ಇನ್ನೊಂದು ಜಾಣತನ ಮಕ್ಕಳನ್ನು ಸಾಕುವುದರಲ್ಲಿದೆ. ಉಪ್ಪುಕೆಸರಲ್ಲಿ ಬೀಜ ಬಿದ್ದು ಮೊಳೆಯುವುದು ಕಷ್ಟವೆಂದು, ಬೀಜ ತಾಯಿಮರದಲ್ಲೇ ಮೊಳೆಯುತ್ತದೆ. ಕೋಲಿನಂತೆ ಉದ್ದಕ್ಕೆ ಜೋತುಬಿದ್ದ ಹಸಿರು ಸಸಿ ಬಲಿತ ಮೇಲೆ ಕಳಚಿ ಬೀಳುತ್ತದೆ. ಎಳೆತನದ ಅತಿ ಕಷ್ಟದ ದಿನಗಳನ್ನು ಉಪ್ಪಿನಿಂದ ದೂರ ಕಳೆಸುವ ಈ ಉಪಾಯವನ್ನು ನೆನಪಿಟ್ಟುಕೊಳ್ಳಬೇಕು. ಹೊಲದ ಕೆಲಸಕ್ಕೆ ಬಂದಾಗ ಇದೇ ಮಾತು ಮತ್ತೆ ಬರುತ್ತದೆ.

ಮೂರನೆಯ ದಾರಿ ಕೂಡಿಡುವುದು. ಕಡಲತಡಿಯಲ್ಲಿ ನೆಲಕ್ಕಂಟಿ ಹಬ್ಬುವ ಸೆಸುವಿಯಂ, ಅದನ್ನೇ ಹೋಲುವ ನಮ್ಮ ಗೋಣಿಸೊಪ್ಪು, ಇವುಗಳ ಎಲೆ ದಪ್ಪ, ರಸಭರಿತ. ಪ್ರತಿ ಜೀವಕೋಶದ ನಡುವೆ ಇರುವ ರಸಧಾನಿ ಎಂಬ ಚೀಲಕ್ಕೆ ಸೋಡಿಯಂ ಅನ್ನು ತಳ್ಳಿ ಕೂಡಿಹಾಕಿದರೆ ಜೀವಕೋಶದ ಉಳಿದ ಭಾಗಕ್ಕೆ ಅದರ ಬಾಧೆ ತಟ್ಟದು. ಜೊತೆಗೆ ಆ ಉಪ್ಪೇ ಹೊರಗಿನ ನೀರನ್ನು ಒಳಗೆಳೆಯುವ ಬಲವೂ ಆಗುತ್ತದೆ. ಚೀಲದ ಹೊರಗಿನ ರಸವೂ ಅಷ್ಟೇ ಗಾಢವಾಗಿರಬೇಕಲ್ಲ? ಅದಕ್ಕೆ ಗಿಡ ಪ್ರೋಲೀನ್, ಗ್ಲೈಸಿನ್ ಬೀಟೈನ್‌ನಂಥ ಸೌಮ್ಯ ವಸ್ತುಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ಕುರಿಗಳು ಮೇಯುವ ಏಟ್ರಿಪ್ಲೆಕ್ಸ್ ಪೊದೆ ಎಲೆಯ ಮೇಲಿನ ಸೂಕ್ಷ್ಮ ಬುಗ್ಗೆಗಳಲ್ಲಿ ಉಪ್ಪು ತುಂಬಿಡುತ್ತದೆ. ಬುಗ್ಗೆ ಒಡೆದಾಗ ಉಪ್ಪು ಎಲೆಯ ಮೇಲೆ ಉಳಿದು ಗಿಡಕ್ಕೆ ಬೂದಿ ಬಳಿದಂಥ ಬಣ್ಣ ಬರುತ್ತದೆ.

ತಡೆಯುವುದಿರಲಿ, ಹೊರಹಾಕುವುದಿರಲಿ, ಕೂಡಿಡುವುದಿರಲಿ, ಯಾವುದೂ ಪುಕ್ಕಟೆಯಲ್ಲ. ಕಾಳು ತುಂಬಲು ಹೋಗಬೇಕಾದ ಶಕ್ತಿಯಲ್ಲಿ ಒಂದು ಪಾಲು ಈ ಕೆಲಸಕ್ಕೆ ಸಲ್ಲುತ್ತದೆ. ಉಪ್ಪು ತಾಳುವ ತಳಿಯ ಇಳುವರಿಯನ್ನು ಒಳ್ಳೆಯ ನೆಲದ ಇಳುವರಿಯ ಜೊತೆ ತೂಗಿ ನೋಡುವುದು ಅದಕ್ಕೇ ನ್ಯಾಯವಲ್ಲ.

ಬೆಳೆಗಳಲ್ಲಿ ಈ ವಿದ್ಯೆಯ ಸೊಬಗು ಕಾಣಬೇಕಾದರೆ ಅಘನಾಶಿನಿಯ ದಂಡೆಯಲ್ಲೇ ಉಳಿಯಬೇಕು. ಕುಮಟಾದ ಮಾಣಿಕಟ್ಟಾ ಸುತ್ತಿನ ಗಜನಿ ಭೂಮಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ತಲೆಮಾರುಗಳಿಂದ ಬೆಳೆದು ಬಂದ ಭತ್ತ ಕಗ್ಗ. ಕರಿಕಗ್ಗ, ಬಿಳಿಕಗ್ಗ ಎಂದು ಅದರಲ್ಲೂ ಬಗೆಗಳಿವೆ. ಎತ್ತರದ ನಿಲುವು, ನೆರೆ ಬಂದು ಕೆಲವು ದಿನ ಮುಳುಗಿದರೂ ತಾಳುತ್ತದೆ. ಹೊಳೆ ತಂದು ಹಾಕುವ ಗೋಡೇ ಗೊಬ್ಬರ. ಇದೇ ಅಳಿವೆಯ ದಂಡೆಯಲ್ಲೇ ಸಾಣಿಕಟ್ಟಾದ ಉಪ್ಪಿನಾಗರಗಳಿವೆ. ಒಂದೇ ನೀರಿನಿಂದ ಒಂದು ಊರು ಉಪ್ಪು ತೆಗೆಯುತ್ತದೆ, ಇನ್ನೊಂದು ಊರು ಅನ್ನ ತೆಗೆಯುತ್ತದೆ.

ಕಗ್ಗ ಬೆಳೆಯುವುದರಲ್ಲಿ ತಳಿಯ ತಾಳಿಕೆ ಎಷ್ಟಿದೆಯೋ ಜನರ ಲೆಕ್ಕಾಚಾರವೂ ಅಷ್ಟೇ ಇದೆ. ಬೇಸಿಗೆಯಲ್ಲಿ ಉಪ್ಪಾಗಿದ್ದ ಗಜನಿಗೆ ಮುಂಗಾರು ಸುರಿದು, ಹೊಳೆಯ ಸಿಹಿನೀರು ತುಂಬಿ, ಉಪ್ಪು ತೆಳುವಾದ ಹೊತ್ತಿಗೆ ಸರಿಯಾಗಿ ಭತ್ತದ ಎಳೆಯ ದಿನಗಳು ಬರುವಂತೆ ಬಿತ್ತನೆ ನಡೆಯುತ್ತದೆ. ಮಳೆ ತಗ್ಗಿ ಉಪ್ಪು ಮತ್ತೆ ಏರುವ ಹೊತ್ತಿಗೆ ಪೈರು ಬಲಿತಿರುತ್ತದೆ. ಒಡ್ಡು ಕಟ್ಟಿ, ಅದಕ್ಕೆ ಬಾಗಿಲಿಟ್ಟು, ಉಬ್ಬರದ ನೀರು ಒಳಬರದಂತೆ, ಇಳಿತದಲ್ಲಿ ಒಳಗಿನ ನೀರು ಹೊರಹೋಗುವಂತೆ ನೋಡಿಕೊಳ್ಳುತ್ತಾರೆ. ಒಬ್ಬರ ಗದ್ದೆಯ ಬಾಗಿಲು ತಪ್ಪಿದರೆ ಎಲ್ಲರ ಗದ್ದೆಗೂ ಉಪ್ಪು ನುಗ್ಗುವುದರಿಂದ ಈ ಬೇಸಾಯ ಒಬ್ಬಂಟಿಯಾಗಿ ಆಗುವಂಥದ್ದಲ್ಲ. ಒಡ್ಡು ಶಿಥಿಲವಾದ ಕಡೆ, ಗಜನಿಯನ್ನು ವರ್ಷವಿಡೀ ಸಿಗಡಿಗೆ ಬಿಟ್ಟ ಕಡೆ ಕಗ್ಗ ಹಿಂದೆ ಸರಿದಿದೆ. ತಳಿಯೊಂದನ್ನು ಬೀಜಭಂಡಾರದ ಡಬ್ಬಿಯಲ್ಲಿ ಉಳಿಸಬಹುದು. ಒಡ್ಡಿನ ಬಾಗಿಲನ್ನು ಯಾವ ದಿನ ತೆರೆಯಬೇಕು ಎಂಬ ತಿಳಿವಳಿಕೆ ಬೇಸಾಯ ನಡೆದರೆ ಮಾತ್ರ ಉಳಿಯುತ್ತದೆ.

ಕೇರಳದ ಎರ್ನಾಕುಳಂ, ಆಲಪ್ಪುಳ, ತ್ರಿಶ್ಶೂರು ಜಿಲ್ಲೆಗಳ ಪೊಕ್ಕಾಳಿ ಭತ್ತದ್ದೂ ಇದೇ ಬಗೆಯ ಕಥೆ. 2008ರಲ್ಲಿ ಭೌಗೋಳಿಕ ಗುರುತು ಪಡೆದ ಈ ಭತ್ತದ ರೈತರು ಮಳೆಗೆ ಮೊದಲೇ ಗದ್ದೆಯ ಮಣ್ಣನ್ನು ಸಣ್ಣ ಸಣ್ಣ ದಿಬ್ಬಗಳಾಗಿ ಗುಡ್ಡೆ ಹಾಕುತ್ತಾರೆ. ಮೊದಲ ಮಳೆಗಳಿಗೆ ದಿಬ್ಬದ ತಲೆಯ ಮೇಲಿನ ಉಪ್ಪು ತೊಳೆದು ಕೆಳಗಿಳಿಯುತ್ತದೆ. ಆಗ ಮೊಳಕೆಯೊಡೆದ ಬೀಜವನ್ನು ದಿಬ್ಬದ ಮೇಲೆಯೇ ಚೆಲ್ಲುತ್ತಾರೆ. ಸಸಿ ಒಂದಿಷ್ಟು ಎದ್ದ ಮೇಲೆ ದಿಬ್ಬವನ್ನು ಕಡಿದು ಸಸಿಗಳನ್ನು ಮಣ್ಣುಸಮೇತ ಸುತ್ತಲೂ ಹರಡುತ್ತಾರೆ. ಕಾಂಡ್ಲಾ ತನ್ನ ಸಸಿಯನ್ನು ಮರದ ಮೇಲೆ ಸಾಕಿದಂತೆಯೇ ಇದು.

ಪೊಕ್ಕಾಳಿಯ ಒಂದನೆಯ ವರ್ಣತಂತುವಿನಲ್ಲಿರುವ ಸಾಲ್ಟಾಲ್ ಎಂಬ ಭಾಗವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಬೇರಿನಿಂದ ಮೇಲೇರುವ ರಸದಲ್ಲಿನ ಸೋಡಿಯಂ ಅನ್ನು ದಾರಿಯಲ್ಲೇ ಹಿಂದಕ್ಕೆಳೆದು ಎಲೆಗೆ ಹೋಗದಂತೆ ತಡೆಯುವ ಗುಣ ಅಲ್ಲಿ ಅಡಗಿದೆ. ಹೊಸ ತಳಿಗಳಿಗೆ ಅದನ್ನು ಸಂಕರಣದಿಂದ ಸೇರಿಸುವ ಕೆಲಸ ನಡೆದಿದೆ. ಉಪ್ಪು ನೆಲಗಳಿಗಾಗಿಯೇ ಹರಿಯಾಣದ ಕರ್ನಾಲ್‌ನಲ್ಲಿರುವ, 1969ರಲ್ಲಿ ಆರಂಭವಾದ ಕೇಂದ್ರ ಸಂಶೋಧನಾ ಸಂಸ್ಥೆಯಿಂದ ಬಂದ ಸಿಎಸ್‌ಆರ್ ಸರಣಿಯ ಭತ್ತ, ನಮ್ಮದೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ಗಂಗಾವತಿ ಸೋನಾ ಸವಳು ನೆಲದ ರೈತರಿಗೆ ಈಗ ಸಿಗುವ ಆಯ್ಕೆಗಳು.

ಆದರೆ ತಳಿ ಹುಡುಕುವ ಮೊದಲು ಮಣ್ಣು ಪರೀಕ್ಷೆ ಆಗಲೇಬೇಕು. ಜನ ಒಟ್ಟಾಗಿ ಸವಳು, ಜವಳು, ಹಳೆ ಮೈಸೂರಿನ ಕಡೆ ಚೌಳು ಎಂದು ಕರೆಯುವ ನೆಲದಲ್ಲಿ ಎರಡು ಬೇರೆಬೇರೆ ರೋಗಗಳಿವೆ. ಒಂದು ಲವಣಯುಕ್ತ ಮಣ್ಣು: ಕರಗುವ ಉಪ್ಪು ಹೆಚ್ಚು, ರಸಸಾರ (ಪಿಎಚ್) 8.5ಕ್ಕಿಂತ ಕಡಿಮೆ, ಬೇಸಿಗೆಯಲ್ಲಿ ಬಿಳಿ ಪೊರೆ. ಇನ್ನೊಂದು ಕ್ಷಾರ ಮಣ್ಣು: ರಸಸಾರ 8.5 ದಾಟಿರುತ್ತದೆ, ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿರುತ್ತದೆ, ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು, ನಿಂತ ನೀರು ಇಂಗದೆ ಕದಡಿ ಕಪ್ಪಗಿರುತ್ತದೆ. ಜಿಪ್ಸಂ ಹಾಕಿ ಸರಿಪಡಿಸಬೇಕಾದದ್ದು ಈ ಎರಡನೆಯದನ್ನು. ಬರೀ ಲವಣದ ತೊಂದರೆಯಿರುವ ನೆಲಕ್ಕೆ ಜಿಪ್ಸಂ ಸುರಿದರೆ ದುಡ್ಡು ದಂಡ. ಅಲ್ಲಿ ಬೇಕಾದ್ದು ಒಳ್ಳೆಯ ನೀರು ಮತ್ತು ಬಸಿಗಾಲುವೆ. ಎರಡೂ ಸೇರಿರುವ ನೆಲವೂ ಉಂಟು. ಅಲ್ಲಿ ಮೊದಲೇ ಉಪ್ಪು ತೊಳೆಯಲು ಹೋದರೆ ಮಣ್ಣು ಇನ್ನಷ್ಟು ಬಿಗಿದುಕೊಳ್ಳುತ್ತದೆ, ಹಾಗಾಗಿ ಜಿಪ್ಸಂ ಮೊದಲು.

ಪರೀಕ್ಷೆಯ ಚೀಟಿಯಲ್ಲಿ ನೋಡಬೇಕಾದ ಇನ್ನೊಂದು ಅಂಕಿ ಇ.ಸಿ., ಅಂದರೆ ವಿದ್ಯುತ್ ವಾಹಕತೆ. ಉಪ್ಪು ಹೆಚ್ಚಿದಷ್ಟೂ ಇದು ಏರುತ್ತದೆ. ಮಣ್ಣನ್ನು ನೀರಿನಲ್ಲಿ ಸಂತೃಪ್ತವಾಗಿ ಕಲಸಿ ತೆಗೆದ ಸಾರದಲ್ಲಿ ಇದು ಮೀಟರಿಗೆ 4 ಡೆಸಿಸೀಮನ್ ದಾಟಿದರೆ ಲವಣಯುಕ್ತ ಮಣ್ಣು ಎನ್ನುತ್ತಾರೆ. ಆದರೆ ಎಲ್ಲ ಬೆಳೆಗೂ ಗಡಿ ಒಂದೇ ಅಲ್ಲ. ಮಾಸ್ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು 1977ರಲ್ಲಿ ಕೊಟ್ಟ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಅದರಂತೆ ಹತ್ತಿ 7.7ರವರೆಗೆ ಇಳುವರಿ ಬಿಟ್ಟುಕೊಡುವುದಿಲ್ಲ. ಗೋಧಿ 6, ಸೋಯಾ ಅವರೆ 5, ಶೇಂಗಾ 3.2, ಭತ್ತ 3. ಮೆಕ್ಕೆಜೋಳ ಮತ್ತು ಕಬ್ಬು 1.7ಕ್ಕೇ ಸೋಲಲು ಶುರು, ಮೆಣಸಿನಕಾಯಿ 1.5, ಈರುಳ್ಳಿ 1.2, ಹುರುಳಿಕಾಯಿ 1. ಗಡಿ ದಾಟಿದ ಮೇಲೆ ಬೀಳುವ ವೇಗವೂ ಬೇರೆ: ಹತ್ತಿ ಒಂದೊಂದು ಡೆಸಿಸೀಮನ್‌ಗೆ ನೂರಕ್ಕೆ ಸುಮಾರು 5ರಷ್ಟು ಇಳುವರಿ ಕಳೆದುಕೊಂಡರೆ, ಭತ್ತ 12ರಷ್ಟು, ಶೇಂಗಾ 29ರಷ್ಟು. ಶೇಂಗಾದ ಗಡಿ ಭತ್ತಕ್ಕಿಂತ ಚೂರು ಮೇಲಿದ್ದರೂ ಗಡಿ ದಾಟಿದ ಮೇಲೆ ಅದು ಉರುಳಿಬೀಳುತ್ತದೆ.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ನಮ್ಮ ಬಹಳಷ್ಟು ಪ್ರಯೋಗಾಲಯಗಳು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಇ.ಸಿ. ಅಳೆಯುತ್ತವೆ. ನೀರು ಹೆಚ್ಚಿರುವುದರಿಂದ ಅಲ್ಲಿ ಬರುವ ಅಂಕಿ ಸಣ್ಣದು. ಮೇಲಿನ ಪಟ್ಟಿಯ ಜೊತೆ ಅದನ್ನು ನೇರವಾಗಿ ಹೋಲಿಸಿ ನೆಮ್ಮದಿಯಾಗಿ ಇರುವಂತಿಲ್ಲ. ಯಾವ ವಿಧಾನದಲ್ಲಿ ಅಳೆದದ್ದು ಎಂದು ಕೇಳಿ ತಿಳಿಯಬೇಕು.

ಕಬ್ಬಿನ ಅಂಕಿ ನೋಡಿದಾಗ ಸಂಕಟವಾಗುತ್ತದೆ. ಬೆಳಗಾವಿ, ಬಾಗಲಕೋಟೆ ಸೀಮೆಯ ನದಿದಂಡೆಯ ಕರಿಮಣ್ಣಿಗೆ ಮಿತಿಯಿಲ್ಲದೆ ನೀರು ಕಟ್ಟಿ ಬೆಳೆಯುವ ಬೆಳೆಯೇ ಉಪ್ಪಿಗೆ ಬೇಗ ಸೋಲುವ ಬೆಳೆಗಳಲ್ಲೊಂದು. ತುಂಗಭದ್ರೆಯ ಎಡದಂಡೆಯಲ್ಲೂ ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ್ದ ಕಡೆ ಭತ್ತ ಹಬ್ಬಿ, ತಗ್ಗಿನ ಹೊಲಗಳು ಸವಳಾದವು. ಮೇಲಿನವರು ಹೆಚ್ಚು ಹರಿಸಿದ ನೀರಿನ ಫಲವನ್ನು ಕೆಳಗಿನವರು ಉಣ್ಣುತ್ತಿದ್ದಾರೆ.

ಉಪ್ಪು ತಾಳುವ ಗಿಡ ನೆಟ್ಟರೆ ಅದು ಉಪ್ಪನ್ನೆಲ್ಲ ಹೀರಿ ನೆಲ ಶುದ್ಧಮಾಡುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಅದು ಸರಿಯಲ್ಲ. ಭತ್ತದಂಥ ಬೆಳೆ ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ, ಅಂದರೆ ಉಪ್ಪು ಮಣ್ಣಲ್ಲೇ ಉಳಿಯುತ್ತದೆ. ದಪ್ಪ ಎಲೆಯಲ್ಲಿ ಕೂಡಿಡುವ ಗಿಡಗಳನ್ನು ಬೆಳೆದು ಕೊಯ್ದು ಸಾಗಿಸಿದರೆ ಒಂದಿಷ್ಟು ಉಪ್ಪು ಹೊರಗೆ ಹೋಗುವುದು ನಿಜ, ಆದರೆ ತಳದಿಂದ ನೀರು ಮತ್ತೆ ತಂದು ಸುರಿಯುತ್ತಿರುವಾಗ ಅದು ಸಾಲದು. ಉಪ್ಪು ಹೊರಡಬೇಕಾದದ್ದು ನೀರಿನ ಜೊತೆ, ಕೆಳಗಿನ ದಾರಿಯಿಂದ. ಒಂದು ಅಡಿ ಮಣ್ಣಿನ ಮೂಲಕ ಒಂದು ಅಡಿ ಒಳ್ಳೆಯ ನೀರು ಇಳಿದು ಬಸಿದುಹೋದರೆ ಅಲ್ಲಿನ ಕರಗುವ ಉಪ್ಪಿನಲ್ಲಿ ನೂರಕ್ಕೆ 80ರಷ್ಟು ಹೊರಟುಹೋಗುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ತೆರೆದ ಬಸಿಗಾಲುವೆಯೋ, ನೆಲದೊಳಗೆ ಹೂತ ರಂಧ್ರದ ಪೈಪೋ ಇಲ್ಲದೆ ಆ ಇಳಿಯುವಿಕೆ ಆಗದು. ಮಳೆನೀರು ಹೊಲದಿಂದ ಓಡಿಹೋಗದಂತೆ ಬದು ಕಟ್ಟಿ ನಿಲ್ಲಿಸಿದರೆ ಈ ತೊಳೆತದಲ್ಲಿ ಒಂದು ಪಾಲು ಖರ್ಚಿಲ್ಲದೆ ಆಗುತ್ತದೆ.

ಬಸಿಗಾಲುವೆ ಆಗುವವರೆಗೆ ಹೊಲದಲ್ಲಿ ಮಾಡಬಹುದಾದ ಕೆಲಸಗಳು ಎಳೆಯ ಸಸಿಯ ಸುತ್ತಲೇ ಇವೆ. ಭತ್ತ ಮೊಳೆಯುವಾಗ ಉಪ್ಪನ್ನು ಚೆನ್ನಾಗಿಯೇ ತಾಳುತ್ತದೆ, ಎಳೆಸಸಿಯಾದಾಗ ಸೋಲುತ್ತದೆ, ನಡುವೆ ಚೇತರಿಸಿಕೊಂಡು ಹೂವಾಡುವಾಗ ಮತ್ತೆ ಸೋಲುತ್ತದೆ. ಆದ್ದರಿಂದ ಒಳ್ಳೆಯ ಮಣ್ಣಿನಲ್ಲಿ ಸಸಿಮಡಿ ಮಾಡಿ, 30-35 ದಿನ ಬಲಿತ ಸಸಿಯನ್ನು ಗುಣಿಗೆ ನಾಲ್ಕರಂತೆ, ತುಸು ಒತ್ತಾಗಿ ನಾಟಿ ಮಾಡಬೇಕು. ಕೆಲವು ಸತ್ತರೂ ಗದ್ದೆ ಬೋಳಾಗದು. ಬೀಟ್ ಬಲಿತ ಮೇಲೆ ಗಟ್ಟಿಗ, ಮೊಳೆಯುವಾಗ ಮೆದು. ಹಾಗಾಗಿ ಅದಕ್ಕೆ ಮೊದಲ ವಾರಗಳಲ್ಲಿ ಸಿಹಿನೀರು ಸಿಗಬೇಕು.

ಬೋದು-ಸಾಲಿನಲ್ಲಿ ಬೆಳೆಯುವವರು ಒಂದು ಬೆಳಿಗ್ಗೆ ಬೋದಿನ ಬಳಿ ಕೂತು ನೋಡಬೇಕು. ಎರಡೂ ಕಡೆಯ ಸಾಲಿನಿಂದ ಏರಿದ ನೀರು ಬೋದಿನ ನೆತ್ತಿಯಲ್ಲಿ ಸೇರಿ ಆರುವುದರಿಂದ ಬಿಳಿ ಗೆರೆ ಸರಿಯಾಗಿ ನೆತ್ತಿಯ ಮೇಲೆಯೇ ಮೂಡುತ್ತದೆ. ವಾಡಿಕೆಯಂತೆ ನಾವು ಬೀಜ ಊರುವುದೂ ಅಲ್ಲೇ. ಬೀಜವನ್ನು ನಾಲ್ಕು ಬೆರಳು ಕೆಳಗೆ, ಬೋದಿನ ಇಳಿಜಾರಿಗೆ ಸರಿಸಿದರೆ ಅದೇ ಹೊಲದಲ್ಲಿ ಮೊಳಕೆ ಹೆಚ್ಚು ಏಳುತ್ತದೆ. ಇದಕ್ಕೆ ಬೀಜದ ಕಂಪನಿಯೂ ಬೇಡ, ಸಾಲವೂ ಬೇಡ.

ಹನಿ ನೀರಾವರಿಯಿದ್ದವರು ಪದೇಪದೇ ಸ್ವಲ್ಪ ಸ್ವಲ್ಪ ನೀರು ಕೊಟ್ಟರೆ ಉಪ್ಪು ಒದ್ದೆ ವೃತ್ತದ ಅಂಚಿಗೆ ಸರಿದಿರುತ್ತದೆ. ಸಣ್ಣ ಮಳೆಯೊಂದು ಬಿದ್ದಾಗ ಅಂಚಿನ ಉಪ್ಪು ಬೇರಿನತ್ತ ಮರಳುವ ಅಪಾಯ ಇರುವುದರಿಂದ, ಮಳೆ ಬಂತೆಂದು ಹನಿಯನ್ನು ನಿಲ್ಲಿಸಬಾರದು. ಪೊಟ್ಯಾಷ್ ಬೇಕಾದಾಗ ಮ್ಯೂರಿಯೇಟ್ ಬದಲು ಸಲ್ಫೇಟ್ ರೂಪದ್ದು ಲೇಸು. ಮ್ಯೂರಿಯೇಟಿನ ಜೊತೆ ಕ್ಲೋರೈಡ್ ಕೂಡ ಹೊಲಕ್ಕೆ ಬರುತ್ತದೆ. ಹಸಿರೆಲೆ ಗೊಬ್ಬರಕ್ಕೆ ಡಯಾಂಚ ಈ ನೆಲಕ್ಕೆ ಹೇಳಿ ಮಾಡಿಸಿದ್ದು. ಬದುವಿಗೆ, ಪಾಳುಬಿದ್ದ ಮೂಲೆಗೆ ಬೋರೆ, ಖರ್ಜೂರ, ಗಾಳಿಮರ ಹಾಕಬಹುದು. ಚಿಕ್ಕು ಮತ್ತು ತೆಂಗು ಮಿತವಾದ ಉಪ್ಪನ್ನು ಸಹಿಸುತ್ತವೆ.

ಊರಿನ ಕೈತೋಟದವರಿಗೂ ಇದು ದೂರದ ವಿಷಯವಲ್ಲ. ಆರ್‌ಓ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಮೂಲ ನೀರಿಗಿಂತ ಉಪ್ಪು ಹೆಚ್ಚಿರುತ್ತದೆ. ಅದನ್ನೇ ದಿನವೂ ಕುಂಡಕ್ಕೆ ಹಾಕಿದರೆ ಕೆಲವು ತಿಂಗಳಲ್ಲಿ ಮಣ್ಣಿನ ಮೇಲೆ, ಕುಂಡದ ಹೊರಮೈಯಲ್ಲಿ ಬಿಳಿ ಪುಡಿ ಕಾಣುತ್ತದೆ. ಗಡಸು ನೀರನ್ನು ಮೆದುಮಾಡುವ ಯಂತ್ರದ ನೀರು ಇನ್ನೂ ಕೆಟ್ಟದ್ದು, ಅದು ಸುಣ್ಣವನ್ನು ತೆಗೆದು ಬದಲಿಗೆ ಸೋಡಿಯಂ ಬಿಟ್ಟಿರುತ್ತದೆ. ಆರ್‌ಓ ನೀರನ್ನು ನೆಲ ಒರೆಸಲು ಬಳಸುವುದು ಒಳ್ಳೆಯದು; ಗಿಡಕ್ಕೆ ಹಾಕಲೇಬೇಕಿದ್ದರೆ ಮಳೆನೀರು ಬೆರೆಸಿ, ಗೋಣಿಸೊಪ್ಪು, ಪಾಲಕ್, ಬೀಟ್‌ರೂಟಿನಂಥವಕ್ಕೆ ಹಾಕಬಹುದು. ಹುರುಳಿಕಾಯಿ, ಕ್ಯಾರೆಟ್, ಈರುಳ್ಳಿಯ ಕುಂಡಕ್ಕೆ ಬೇಡ. ಟೊಮೆಟೊ ನಡುವಿನದು, ತುಸು ಉಪ್ಪು ತಾಗಿದರೆ ಹಣ್ಣು ಸಣ್ಣದಾಗುತ್ತದೆ, ಸಿಹಿ ಹೆಚ್ಚುತ್ತದೆ.

ಬಿಳಿ ಪುಡಿ ಕಂಡ ಕುಂಡವನ್ನು ಬಿಸಾಡಬೇಕಿಲ್ಲ. ಮೇಲಿನ ಒಂದು ಬೆರಳು ಮಣ್ಣನ್ನು ಕೆರೆದು ತೆಗೆದು, ತಳದ ತೂತು ಕಟ್ಟಿಲ್ಲವೆಂದು ನೋಡಿ, ಕೆಳಗಿನ ತಟ್ಟೆಯನ್ನು ತೆಗೆದಿಟ್ಟು, ಕುಂಡ ಎಷ್ಟು ನೀರು ಹಿಡಿಯುತ್ತದೋ ಅದರ ಎರಡರಷ್ಟು ಒಳ್ಳೆಯ ನೀರನ್ನು ಮೆಲ್ಲಗೆ ಮೇಲಿಂದ ಸುರಿದು ಪೂರ್ತಿ ಬಸಿಯಲು ಬಿಡಬೇಕು. ತಟ್ಟೆಯಲ್ಲಿ ನಿಂತ ನೀರನ್ನು ಮತ್ತೆ ಹೀರಲು ಬಿಟ್ಟರೆ ತೊಳೆದ ಉಪ್ಪು ಮರಳಿ ಬೇರಿಗೇ ಬರುತ್ತದೆ. ಮಳೆಗಾಲ ಶುರುವಾದ ಮೇಲೆ ಕುಂಡಗಳನ್ನು ಸೂರಿನಡಿಯಿಂದ ಹೊರಗೆ, ನೇರ ಮಳೆಗೆ ಎರಡು ದಿನ ಇಟ್ಟರೂ ಇದೇ ಕೆಲಸ ಆಗುತ್ತದೆ. ಅಷ್ಟು ಹೊತ್ತಿಗೆ ಮಾಣಿಕಟ್ಟಾದ ಗಜನಿಯಲ್ಲೂ ಮಳೆ ಉಪ್ಪು ತೊಳೆಯುತ್ತಿರುತ್ತದೆ, ಕಗ್ಗದ ಬೀಜ ಮೊಳಕೆಗೆ ನೆನೆದಿರುತ್ತದೆ.